ಒಂದೇ ನಾಲಿನ ಬೂಟು

ಧುಪದಾಳದ ಉದ್ದಪ್ಪ ಬೂಟು ಹಾಕಿಕೊಂಡು ನೆಲಕ್ಕೆ ಒಂದು ಒದೆ ಕೊಟ್ಟರೆ ಅತ್ತ ಹಿಡಕಲ್ ಡ್ಯಾಮಿನ ಗೇಟು ತಾನಾಗಿ ಎರಡು ಗೇಣು ಮೇಲೇಳುತ್ತಿತ್ತು. ಎರಡನೇ ಒದೆಗೆ ನೀರು ಕಾಲುವೆಗುಂಟ ಓಡಿಬಂದು ಮೂಡಲಗಿಯ ಕಟ್ಟಕಡೆಯ ಹೊಲದ ಬದುವಿನಲ್ಲಿ ಕೈಕಟ್ಟಿ ನಿಂತು, "ಮತ್ತೇನರೆ ಸೇವಾ ಐತೇನ್ರಿ?" ಎಂದು ಕೇಳುತ್ತಿತ್ತು. ಇದನ್ನು ನಾನು ಯಾರದೋ ಬಾಯಿಂದ ಕೇಳಿ ಹೇಳುತ್ತಿಲ್ಲ, ಕಣ್ಣಾರೆ ಕಂಡು ಹೇಳುತ್ತಿದ್ದೇನೆ. ನಂಬಿಕೆ ಬಾರದವರು ಎದ್ದು ಹೋಗಬಹುದು. ಆದರೆ ಹೋಗುವುದೆಲ್ಲಿಗೆ? ಘಟಪ್ರಭಾ ಸ್ಟ್ಯಾಂಡಿನಲ್ಲಿ ಹುಕ್ಕೇರಿ ಬಸ್ಸಿಗಾಗಿ ನಾವೆಲ್ಲ ಒಂದೇ ಬಾಕಿನ ಮೇಲೆ ಕೂತಿದ್ದೇವೆ, ಬಸ್ಸಿಗೆ ಇನ್ನೂ ಮುಕ್ಕಾಲು ತಾಸಿದೆ.

ಬೂಟಿಗಿಂತ ಮೊದಲು ಉದ್ದಪ್ಪನಿಗೆ ಇದ್ದದ್ದು ಹವಾಯಿ ಚಪ್ಪಲಿ. ಅವನು ಕಾಲುವೆಯ ಮೇಲೆ ದಿನಗೂಲಿ. ತೂಬು ನೋಡುವುದು, ಹೂಳು ತೆಗೆಸುವುದು, ರಾಡಿಯಲ್ಲಿ ದಿನಕ್ಕೆ ಹತ್ತು ಹನ್ನೆರಡು ಮೈಲು ನಡೆಯುವುದು. ವರ್ಷಕ್ಕೆ ನಾಲ್ಕು ಜೋಡಿ ಚಪ್ಪಲಿ ಹರಿಯುತ್ತಿದ್ದವು. ನಾಲ್ಕರಲ್ಲಿ ಮೂರಕ್ಕೆ ಹೆಂಡತಿ ತಾಯವ್ವನ ಪಿನ್ನು ಪಟ್ಟಿಗೆ ಚುಚ್ಚಿಕೊಂಡಿರುತ್ತಿತ್ತು. ಅವು ಸವೆದು ಹರಿದವು ಎಂದು ಜನ ತಿಳಿದಿದ್ದರು. ಅದು ತಪ್ಪು. ಉದ್ದಪ್ಪನ ಪೌರುಷವನ್ನು ತಡೆಯಲಾರದೆ ಅವು ಪ್ರಾಣ ಬಿಡುತ್ತಿದ್ದವು.

ಅವನ ಮಗಳು ಮಯೂರಿ ಘಟಪ್ರಭೆಯ ಒಂದು ದವಾಖಾನೆಯಲ್ಲಿ ನರ್ಸು. ಮೂರು ಗಂಡುಗಳು ಬಂದು ಅವಲಕ್ಕಿ ತಿಂದು ಹೋಗಿದ್ದರು. ಮೂರಕ್ಕೂ ಆಕೆ ಒಲ್ಲೆನೆಂದು ತಲೆ ಅಲ್ಲಾಡಿಸಿದ್ದಳು. ನಾಲ್ಕನೆಯವನು ಹುಕ್ಕೇರಿಯ ಬಾಳೇಶ, ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯವನು. ಅವನು ಎದ್ದು ಹೋದ ಮೇಲೆ ಮಯೂರಿ ಅವನು ಕುಡಿದ ಚಹಾದ ಕಪ್ಪನ್ನು ತಾನೇ ತೊಳೆದಿಟ್ಟಳು. ತಾಯವ್ವನಿಗೆ ಅಷ್ಟು ಸಾಕಾಯಿತು. ಇನ್ನು ಉಳಿದದ್ದು ಹೆಣ್ಣಿನ ಕಡೆಯವರು ಹುಕ್ಕೇರಿಗೆ ಹೋಗಿ ಗಂಡಿನ ಮನೆ ನೋಡಿ ಬರುವುದು. ಗುರುವಾರ ಎಂದು ಗೊತ್ತಾಯಿತು.

ಸಂಬಂಧ ತಂದವನು ಅಣ್ಣಪ್ಪ. ಈ ಅಣ್ಣಪ್ಪನೇ ಸೋಮವಾರ ಬಂದು ಉದ್ದಪ್ಪನ ಕಿವಿಯಲ್ಲಿ ಹುಳ ಬಿಟ್ಟ.

"ಎಲ್ಲಾ ಪಕ್ಕಾ ಐತಿ ಉದ್ದಪ್ಪಾ. ಆದ್ರ ಒಂದ ಮಾತ. ಹುಡುಗನ ಅಜ್ಜ ರಾಚಪ್ಪ ಅದಾನಲಾ, ಆ ಮನ್ಯಾಗ ಅವಂದ ಮಾತ ನಡೀತೈತಿ. ಅಂವಾ ಬಂದಾವ್ರ ಮಾರಿ ನೋಡಾಂಗಿಲ್ಲ."

"ಮತ್ತೇನ ನೋಡತಾನ?"

"ಕಾಲ ನೋಡತಾನ. ಕಾಲಾಗ ಏನ ಹಾಕ್ಯಾರಂತ ನೋಡತಾನ. ಹ್ವಾದ ವರ್ಷ ಒಬ್ಬಾಂವ ಹೆಣ್ಣಿನ ಸಂಬಂಧ ತಗೊಂಡ ಬಂದಿದ್ದ. ಅಜ್ಜ ಬಾಗಿಲಾಗ ಅವನ ಕಾಲ ನೋಡಿದ, ಒಳಗ ಹ್ವಾದ, ಹೊರಗ ಬರಲೇ ಇಲ್ಲ. ಮುಗೀತ ಅಲ್ಲಿಗೆ."

"ಅಂವಾ ಏನ ಹಾಕಿದ್ದ?"

ಅಣ್ಣಪ್ಪ ಉದ್ದಪ್ಪನ ಚಪ್ಪಲಿಯ ಪಿನ್ನನ್ನು ನೋಡಿದ. "ಯಾರಿಗೊತ್ತೋ ಮಾರಾಯಾ. ಇಂಥಾವ ಇರಬೇಕ."

ಆ ಹೊತ್ತಿನಿಂದ ಉದ್ದಪ್ಪನ ಬಾಯಿಗೆ ರೊಟ್ಟಿ ರುಚಿಸಲಿಲ್ಲ. ಮಯೂರಿ ತಂದೆಯ ಮುಖ ನೋಡಿಯೇ ಹೇಳಿದಳು: "ಅಪ್ಪಾ, ಅಲ್ಲಿ ಹೋಗಿ ದೊಡ್ಡಸ್ತಿಕಿ ಬಡೀಬ್ಯಾಡ. ನಾವ ಹೆಂಗ ಅದೇವಿ ಹಂಗ ಹೋಗ್ರಿ. ನನಗ ಈ ಮನಿ ಬೇಕಾಗೈತಿ."

"ನೀ ಚಿಂತಿ ಮಾಡಬ್ಯಾಡವಾ," ಎಂದ ಉದ್ದಪ್ಪ. ಅವನು ಹೀಗೆಂದಾಗಲೆಲ್ಲ ಮನೆಯವರು ಚಿಂತೆಗೆ ಬೀಳುತ್ತಿದ್ದರು.

ಮರುದಿನ ಬೆಳಿಗ್ಗೆ ಗೋಕಾಕಕ್ಕೆ ಹೋದ. ಸ್ಟ್ಯಾಂಡಿನ ಹಿಂದೆ ಸೋಮಲಿಂಗನ ರಿಪೇರಿ ಅಂಗಡಿ. ಸೋಮಲಿಂಗ ಮನುಷ್ಯನ ಹೆಸರು ಕೇಳುವ ಮೊದಲು ಅವನ ಚಪ್ಪಲಿಯನ್ನು ತಿರುವಿ ಅಟ್ಟೆ ನೋಡುವವನು. ಉದ್ದಪ್ಪನದನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಎತ್ತಿದ.

"ಇದನ್ನ ಹೊಲಿ ಅಂತೀರೇನ್ರಿ? ಹೊಲಿಯಾಕ ಚರ್ಮ ಇರಬೇಕ್ರಿ, ಇಲ್ಲಾ ದಾರಾ ಹಿಡಿಯುವಷ್ಟರೆ ಜೀವಾ ಇರಬೇಕ್ರಿ. ಇದರಾಗ ಎರಡೂ ಇಲ್ಲ. ಅಲ್ಲಿ ನೋಡ್ರಿ, ಬೂಟಂದ್ರ ಅದು."

ಹಲಗೆಯ ಮೇಲೆ ಒಂದು ಜೋಡಿ ಕಂದು ಬೂಟು ಇದ್ದವು. ಕಾಲ ಮೇಲೆ ಕಾಲು ಹಾಕಿ ಕೂತ ಹಿರಿಯರ ಗತ್ತು ಅವಕ್ಕಿತ್ತು.

"ನಲವತ್ತೈದು ವರ್ಷದ್ದು. ಐದ ಸಲಾ ಅಟ್ಟಿ ಬದಲಿ ಮಾಡೇನಿ, ನಾನೂ ನಮ್ಮಪ್ಪನೂ ಕೂಡಿ. ಮ್ಯಾಲಿನ ಚರ್ಮ ಇನ್ನಾ ಹಂಗ ಐತಿ. ಮೊನ್ನೆ ಹೊಸಾ ಅಟ್ಟಿ ಹಚ್ಚೇನಿ. ಬಿರುಸ ಅದಾವು, ಎರಡ ದಿನ ಯಾರರೆ ನಡದಾಡಿ ಮೆತ್ತಗ ಮಾಡಿದಮ್ಯಾಲ ಕೊಡಂತ ಮಾಲಕ್ರು ಹೇಳ್ಯಾರ. ನನಗ ನೋಡಿದ್ರ ಮಣಕಾಲ ಬ್ಯಾನಿ."

ಉದ್ದಪ್ಪನ ಕಣ್ಣು ಹೊಳೆದವು. "ನಡದಾಡೋದು ನನ್ನ ಕಸಬ ಐತ್ರಿ. ಯಾರ ಬೂಟ್ರಿ ಇವು?"

"ಗಿರಾಕಿ ಹೆಸರ ನಾ ಹೇಳಾಂಗಿಲ್ಲ. ಡಾಕ್ಟರ್ ಪೇಶಂಟಿನ ಸುದ್ದಿ ಹೊರಗ ಹೇಳತಾನೇನ್ರಿ?" ಸೋಮಲಿಂಗ ಬೂಟು ಕೊಟ್ಟ, ಬೆರಳೆತ್ತಿ ಎಚ್ಚರಿಸಿದ: "ಎಡಗಾಲಿಗೆ ನಾಲು ಐತಿ, ಬಲಗಾಲಿಂದು ಬಿದ್ದೈತಿ. ಅದು ಮಾಲಕ್ರ ಹತ್ರ ಐತಿ, ತಂದ್ರ ಬಡೀತೇನಿ. ಮತ್ತ ಗೋಕಾಕದ ಹದ್ದ ದಾಟಬ್ಯಾಡ್ರಿ. ಶುಕ್ರವಾರ ನನ್ನ ಕೈಯಾಗ ಇರಬೇಕ."

ನಾಲು ಎಂದರೆ ಹಿಮ್ಮಡಿಗೆ ಬಡಿಯುವ ಕಬ್ಬಿಣದ ತುಂಡು. ಒಂದೇ ಬೂಟಿಗೆ ಇದ್ದದ್ದರಿಂದ ಉದ್ದಪ್ಪ ನಡೆದರೆ ಟಕ್ ಎಂದು ಒಂದು ಹೆಜ್ಜೆ, ಟಪ್ ಎಂದು ಇನ್ನೊಂದು. ಬೂಟು ಎರಡು ಬೆರಳು ದೊಡ್ಡವಿದ್ದವು. ಮುಂದಿನ ಸಂದಿಗೆ ಹಳೇ ಪೇಪರು ತುರುಕಿದ. ಬಲಗಾಲಿಗೆ ಬೆಲ್ಲದ ಪೇಟೆಧಾರಣೆ, ಎಡಗಾಲಿಗೆ ಸಿಮೆಂಟಿನ ಜಾಹೀರಾತು. ಆಮೇಲೆ ಗೋಕಾಕದ ಹದ್ದು ದಾಟಿ ನೇರ ಮೂಡಲಗಿಯ ಬಸ್ಸು ಹತ್ತಿದ.

ಕಾರಣವಿಲ್ಲದೆ ಹೋಗಲಿಲ್ಲ. ತಾಯವ್ವನ ಅಣ್ಣ ಬಸವಲಿಂಗ ಇರುವುದು ಮೂಡಲಗಿಯ ಆಚೆ, ಹೊಲದ ಮನೆಯಲ್ಲಿ. ಸೋದರಮಾವನಿಗೆ ಹೇಳದೆ ಗಂಡಿನ ಮನೆ ನೋಡಲು ಹೋಗುವ ರೂಢಿ ಇಲ್ಲ. ಉದ್ದಪ್ಪ ಬಸ್ಸಿಳಿದು ಕಾಲುವೆಯ ದಂಡೆ ಹಿಡಿದ. ಟಕ್. ಟಪ್. ಟಕ್. ಟಪ್.

ಆ ಕಾಲುವೆಯ ತುದಿಗೆ ನೀರು ಬಂದು ಬಹಳ ದಿನವಾಗಿತ್ತು. ಹೊಲದಲ್ಲಿ ಕೂತಿದ್ದ ಹಿರಿಯ ಅಲ್ಲಪ್ಪ ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡಿದ. ಮೊದಲು ಕಂಡದ್ದು ಬೂಟು. ಬೂಟಿನ ಮೇಲೆ ಮನುಷ್ಯ ಯಾರೆಂದು ನೋಡುವ ವ್ಯವಧಾನ ಅವನಿಗೆ ಇರಲಿಲ್ಲ.

"ಬರ್ರೋ! ಬೆಳಗಾಂವಿಯಿಂದ ದೊಡ್ಡ ಸಾಹೇಬ್ರ ಬಂದಾರ! ಜೀಪ್ ಬಿಟ್ಟ ನಡಕೋತ ಬರಾಕತ್ತಾರ ನೋಡ್ರಿ, ಎಂಥಾ ಮನಶ್ಯಾ!"

ಹತ್ತು ನಿಮಿಷದಲ್ಲಿ ಇಪ್ಪತ್ತು ಜನ ಕೂಡಿದರು. ಕುರ್ಚಿ ಬಂತು. ನಾ ಅವನಲ್ಲ ಎನ್ನಲು ಉದ್ದಪ್ಪ ಬಾಯಿ ತೆರೆದ. ಅಲ್ಲಪ್ಪ ಅದರಲ್ಲಿ ಒಂದು ತುಂಡು ಬೆಲ್ಲ ಇಟ್ಟ. ಬೆಲ್ಲ ಕರಗುವಷ್ಟರಲ್ಲಿ ಅರ್ಜಿ ಬರೆದು ಆಗಿತ್ತು.

"ನೀರ ಯಾವಾಗ ಬರತೈತ್ರಿ ಸಾಹೇಬ್ರ?"

"ಬರೋ ಮಂಗಳವಾರ," ಎಂದ ಉದ್ದಪ್ಪ.

ಅವನು ಹೇಳಿದ ಗತ್ತಿಗೆ ಕಬ್ಬಿನ ಗರಿ ನೆಟ್ಟಗಾದವು. ಇದೂ ನಾನು ಕಂಡದ್ದೇ.

ಅಷ್ಟರಲ್ಲಿ ಸುದ್ದಿ ಮುಟ್ಟಿ ಕಾಲುವೆಯ ಸಾಹೇಬರು ಜೀಪಿನಲ್ಲಿ ಹಾರಿ ಬಂದರು. ದಿನಾ ಉದ್ದಪ್ಪನ ಹಾಜರಿ ಹಾಕುವ ಸಾಹೇಬರು ಇವರೇ. ಮೇಲಿನವರು ಬಂದಾರೆಂಬ ಹೆದರಿಕೆಗೆ ತಲೆ ತಗ್ಗಿಸಿಯೇ ಓಡಿ ಬಂದು, ಬೂಟಿನ ಎದುರು ನಿಂತು, ಬೂಟಿಗೇ ಕೈ ಮುಗಿದರು.

"ಸರ್, ನೀವು ಬರೋದು ಗೊತ್ತಿರಲಿಲ್ಲ ಸರ್. ತೂಬಿನ ಬಾಗಿಲು ತುಕ್ಕ ಹಿಡದೈತಿ ಸರ್. ಮೂರ ಸಲಾ ಬರದೇನಿ ಸರ್. ಕೆಳಗಿನ ಮಂದಿ ಕೆಲಸ ಮಾಡಾಂಗಿಲ್ಲ ಸರ್. ಉದ್ದಪ್ಪಂತ ಒಬ್ಬ ಅದಾನ, ಅಂವಂತೂ ಭಾಳ ಮೈಗಳ್ಳ ಸರ್."

ಉದ್ದಪ್ಪನಿಗೆ ಇದನ್ನು ಸಹಿಸಲಾಗಲಿಲ್ಲ. "ಹಂಗ ಅನಬ್ಯಾಡ್ರಿ ಸಾಹೇಬ್ರ. ನಿನ್ನೆ ಹೂಳ ತಗದಾಂವ ಯಾರು?"

ಸಾಹೇಬರು ನಿಧಾನವಾಗಿ ಬೂಟಿನಿಂದ ಪ್ಯಾಂಟಿಗೆ, ಪ್ಯಾಂಟಿನಿಂದ ಅಂಗಿಗೆ, ಅಂಗಿಯಿಂದ ಮುಖಕ್ಕೆ ಬಂದರು. ಅವರ ಮುಖದಲ್ಲಿ ಆಗ ಹಾದುಹೋದದ್ದನ್ನು ಹೇಳಲು ನನ್ನಂಥವನಿಗೂ ಮಾತು ಸಾಲದು.

"ಉದ್ದ್ಯಾ?" ಎಂದು ಹಲ್ಲು ಕಚ್ಚಿಕೊಂಡೇ ಕೇಳಿದರು. "ಏನೋ ಇದು?"

"ನಾ ಏನೂ ಮಾಡಿಲ್ರಿ ಸಾಹೇಬ್ರ. ಎಲ್ಲಾ ಬೂಟ ಮಾಡೈತ್ರಿ."

"ನಾ ನಿನಗ ಎಷ್ಟ ಸಲಾ ಸರ್ ಅಂದ್ನಿ?"

"ಆರ ಸಲಾ ಆಗಿರಬೇಕ್ರಿ."

"ಯಾರ ಮುಂದರೆ ಹೇಳಿದ್ಯೋ, ನೋಡ! ಈಗ ಸುಮ್ನ ಜೀಪ್ ಹತ್ತು. ಮುಂದ ಕುಂದರು. ಮಂದಿ ನೋಡಾಕತ್ತಾರ, ನಂದೂ ಮರ್ಯಾದಿ ಐತಿ."

ಹೀಗೆ ಉದ್ದಪ್ಪ ಜೀಪಿನ ಮುಂದಿನ ಸೀಟಿನಲ್ಲಿ ಕೂತು, ಇಪ್ಪತ್ತು ಜನರ ನಮಸ್ಕಾರ ಸ್ವೀಕರಿಸಿ, ತಿರುವಿನಾಚೆ ಇಳಿಸಲ್ಪಟ್ಟ. ಬಸವಲಿಂಗನಿಗೆ ಹೇಳುವುದು ಹಾಗೇ ಉಳಿಯಿತು.

ಬೂಟಿನ ಶಕ್ತಿ ಇಂಥದ್ದು ಎಂದು ಮನವರಿಕೆಯಾದ ಮೇಲೆ ಅವನಿಗೆ ಗುರುವಾರದ ಹೆದರಿಕೆ ಉಳಿಯಲಿಲ್ಲ. ಉಳಿದದ್ದು ಬೆರಳಿನ ಬೊಬ್ಬೆ ಮಾತ್ರ. ತಾಯವ್ವ ಬೇಡವೆಂದು ಮೂರು ಸಲ ಹೇಳಿದಳು. ನಾಲ್ಕನೇ ಸಲ ಹೇಳುವ ಬದಲು ಅವನ ಹವಾಯಿ ಚಪ್ಪಲಿಯನ್ನು ತನ್ನ ಚೀಲದಲ್ಲಿ ಹಾಕಿಕೊಂಡಳು. "ಬರುವಾಗ ಬೇಕಾಗತಾವು," ಎಂದಳು, ಅಷ್ಟೇ.

ಗುರುವಾರ ಮಧ್ಯಾಹ್ನ ಅಣ್ಣಪ್ಪ ಮುಂದೆ, ತಾಯವ್ವ ಹಿಂದೆ, ನಡುವೆ ಉದ್ದಪ್ಪ, ಹುಕ್ಕೇರಿಯ ಆ ಓಣಿಯಲ್ಲಿ ಟಕ್ ಟಪ್ ಎಂದು ನಡೆದು ಬಂದರು. ರಾಚಪ್ಪ ಅಜ್ಜ ಮನೆಮುಂದಿನ ಕಟ್ಟೆಯ ಮೇಲೆ ಬರಿಗಾಲಲ್ಲಿ ಕೂತಿದ್ದ. ಸಪ್ಪಳ ಕೇಳಿದ್ದೇ ಅವನ ಕೈಯಲ್ಲಿದ್ದ ಅಡಕತ್ತರಿ ನಿಂತಿತು. ಮನೆಯ ನಾಯಿ ಬಾಲ ಅಲ್ಲಾಡಿಸುತ್ತ ಓಡಿಬಂದು ಬೂಟು ನೆಕ್ಕಿತು.

"ನಾಯಿಗೂ ಮನಶ್ಯಾನ ಬೆಲಿ ತಿಳೀತೈತಿ ನೋಡು," ಎಂದು ಉದ್ದಪ್ಪ ತಾಯವ್ವನ ಕಿವಿಯಲ್ಲಿ ಹೇಳಿದ.

ಅದೇ ಹೊತ್ತಿಗೆ ಒಳಗಿನಿಂದ ರಾಚಪ್ಪನ ಹೆಂಡತಿ ಯಲ್ಲವ್ವನ ದನಿ ಬಂತು: "ಬಂದ್ರೇನ್ರಿ? ಎಷ್ಟ ಸಲಾ ಹೇಳಬೇಕ್ರಿ ನಿಮಗ, ಆ ನಾಲಿನ ಬೂಟ್ ಅಂಗಳದಾಗ ಬಿಟ್ಟ ಬರ್ರಿ ಅಂತ? ಸಾರಿಸಿದ ನೆಲಾ ಕಿತ್ತ ಬರತೈತಿ!"

ರಾಚಪ್ಪ ಕುತ್ತಿಗೆ ತಿರುಗಿಸದೆ ಹೇಳಿದ: "ಏ, ನಾ ಇಲ್ಲೇ ಕುಂತೇನಿ."

"ಮತ್ತ ಬೂಟ್ ಯಾರ್ ತಂದ್ರು?"

"ಅದನ್ನ ನೋಡಾಕತ್ತೇನಿ."

ಉದ್ದಪ್ಪನಿಗೆ ಏನೂ ಹೊಳೆಯಲಿಲ್ಲ. ದೊಡ್ಡ ಮನೆತನದವರು ಹೀಗೇ ಮಾತಾಡುತ್ತಾರೇನೋ ಎಂದುಕೊಂಡ.

ಬಾಳೇಶನ ತಾಯಿ ಶೋಭಾ ತಂಬಿಗೆ ನೀರು ತಂದಿಟ್ಟಳು. "ಕಾಲಿಗೆ ನೀರ ತಗೋರಿ ಬೀಗ್ರ."

ಮನೆಗೆ ಬಂದವರಿಗೆ ಕಾಲಿಗೆ ನೀರು ಕೊಡುವುದನ್ನು ಉದ್ದಪ್ಪ ಹುಟ್ಟಿದಂದಿನಿಂದ ಕಂಡವನು. ಬೂಟಿನ ಗುಂಗಿನಲ್ಲಿ ಅದನ್ನೊಂದು ಮರೆತಿದ್ದ.

"ಬ್ಯಾಡ್ರಿ ತಂಗಿ. ಬೂಟ ಹಾಕ್ಕೊಂಡಾವ್ರ ಕಾಲ ಹೊಲಸ ಆಗಾಂಗಿಲ್ರಿ."

"ಪದ್ಧತಿ ಐತ್ರಿ," ಎಂದ ರಾಚಪ್ಪ. ಅವನ ಕಣ್ಣು ಬೂಟಿನಿಂದ ಕದಲಿರಲಿಲ್ಲ.

ಉದ್ದಪ್ಪ ಬೂಟು ಬಿಚ್ಚಿದ. ಬಲಗಾಲಿನ ಜತೆ ಬೆಲ್ಲದ ಪೇಟೆಧಾರಣೆ ಹೊರಬಂತು, ಎಡಗಾಲಿನ ಜತೆ ಸಿಮೆಂಟು. ನೀರು ಬಿದ್ದದ್ದೇ ಇನ್ನೊಂದು ಕಂಡಿತು: ಬಿಸಿಲಿಗೆ ಕರಿದಾದ ಎರಡು ಪಾದಗಳ ಮೇಲೆ, ಹೆಬ್ಬೆರಳ ಸಂದಿಯಿಂದ ಎರಡೂ ಕಡೆಗೆ ಕವಲೊಡೆದ ಬಿಳೀ ಗೆರೆ. ಮೂವತ್ತು ವರ್ಷ ಹವಾಯಿ ಚಪ್ಪಲಿಯ ಪಟ್ಟಿ ಮುಚ್ಚಿಟ್ಟ ಚರ್ಮ. ಎಷ್ಟು ತಿಕ್ಕಿದರೂ ಅದು ಮತ್ತಷ್ಟು ಬೆಳ್ಳಗಾಯಿತು. ಅಣ್ಣಪ್ಪ ಮೋಡ ನೋಡತೊಡಗಿದ. ಮೋಡ ಇರಲಿಲ್ಲ.

ರಾಚಪ್ಪ ಒಂದು ಬೂಟನ್ನು ತೊಡೆಯ ಮೇಲೆ ಇಟ್ಟುಕೊಂಡ. "ಛಲೋ ಅದಾವು. ಎಲ್ಲಿ ಮಾಡಿಸಿದ್ರಿ?"

"ಮೀರಜದಾಗ್ರಿ. ಹನ್ನೆರಡ ವರ್ಷ ಆತು. ನನ್ನ ಕಾಲಿನ ಅಳತಿ ತಗೊಳ್ಳಾಕ ಮೂರ ಮಂದಿ ಬಂದಿದ್ರು."

"ಮೂರ ಮಂದಿ?"

"ಒಬ್ಬ ಎಡಗಾಲಿಗೆ, ಒಬ್ಬ ಬಲಗಾಲಿಗೆ."

"ಮೂರನೇದಾಂವ?"

"ಬರಕೊಳ್ಳಾಕ್ರಿ."

"ಮೂರ ಮಂದಿ ಅಳದ್ರೂ ಪೇಪರ್ ತುರುಕಬೇಕಾತು?"

"ದಾರ್ಯಾಗ ಓದಾಕ ಇಟಗೊಂಡಿದ್ನಿರಿ."

ಬಾಗಿಲ ಮರೆಯಲ್ಲಿ ನಿಂತಿದ್ದ ಬಾಳೇಶ ಕೆಮ್ಮಿದ. ರಾಚಪ್ಪ ಮಾತ್ರ ನ್ಯಾಯಾಧೀಶನ ಹಾಗೆ ಇನ್ನೊಂದು ಬೂಟು ಎತ್ತಿಕೊಂಡು ಹಿಮ್ಮಡಿ ತಿರುವಿದ. "ಬಲಗಾಲಿನ ನಾಲು ಎಲ್ಲಿ?"

"ಮೊನ್ನೆ ಮೂಡಲಗಿ ಕಾಲುವಿ ಮ್ಯಾಲ ಬಿತ್ರಿ. ಮೊಸಳಿ ನುಂಗಿತು."

ರಾಚಪ್ಪ ಅಂಗಿಯ ಕಿಸೆಗೆ ಕೈ ಹಾಕಿದ. ಅಡಿಕೆ ತೆಗೆದ, ಸುಣ್ಣದ ಡಬ್ಬಿ ತೆಗೆದ, ಆಮೇಲೆ ಒಂದು ಕಬ್ಬಿಣದ ತುಂಡು ತೆಗೆದ. ಅದನ್ನು ಬಲಗಾಲಿನ ಹಿಮ್ಮಡಿಯ ಮೇಲಿಟ್ಟ. ನಾಲಿನ ನಾಲ್ಕು ತೂತು, ಅಟ್ಟೆಯ ನಾಲ್ಕು ತೂತು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಕೂತವು.

"ಮೊಸಳಿ ನನ್ನ ಕಿಸೆದಾಗ ತಂದ ಹಾಕೈತಿ," ಎಂದ ರಾಚಪ್ಪ. "ಗೋಕಾಕದ ಸೋಮಲಿಂಗಗ ಕೊಡಬೇಕಂತ ಇಟ್ಟಿದ್ನಿ."

ಅವನು ಬೂಟನ್ನು ಕೆಳಗಿಟ್ಟು ಅಣ್ಣಪ್ಪನ ಕಡೆ ತಿರುಗಿದ.

"ಅಣ್ಣಪ್ಪಾ, ಇವ್ರನ್ನ ಕರಕೊಂಡ ಏಳು. ಮಂದಿ ಬೂಟಿನಾಗ ಬಂದಾವ್ರ ಕೂಡ ನಮಗ ಸಂಬಂಧ ಬ್ಯಾಡ."

ತಾಯವ್ವ ಚೀಲದಿಂದ ಹವಾಯಿ ಚಪ್ಪಲಿ ತೆಗೆದು ಗಂಡನ ಒದ್ದೆ ಕಾಲಿನ ಮುಂದೆ ಇಟ್ಟಳು. ಪಿನ್ನು ಬಿಸಿಲಿಗೆ ಮಿಂಚಿತು.

"ಇವು ನನ್ನುವು ಅಜ್ಜಾರ," ಎಂದ ಉದ್ದಪ್ಪ. ಅವನ ದನಿ ಇಷ್ಟು ಸಣ್ಣಗಾದದ್ದನ್ನು ಯಾರೂ ಕೇಳಿರಲಿಲ್ಲ. "ಬೂಟ ನಿಮ್ಮುವಂತ ನನಗ ಗೊತ್ತಿರಲಿಲ್ರಿ. ನೀವು ಕಾಲ ನೋಡತೀರಂತ ಹೇಳಿದ್ರು, ಹೆದರಿದ್ನಿ. ನನ್ನ ಮಗಳು ಹಿಂಗ ಮಾಡಬ್ಯಾಡಂತ ಹೇಳಿದ್ಲು. ಆಕಿ ಸುಳ್ಳ ಆಡಾಂಗಿಲ್ರಿ. ಆಕಿಗೆ ನಿಮ್ಮ ಹುಡುಗ ಹಿಡಿಸ್ಯಾನ. ನನ್ನ ಕಾಲ ನೋಡಿ ಆಕಿನ್ನ ಬಿಡಬ್ಯಾಡ್ರಿ."

ರಾಚಪ್ಪನ ಮನಸ್ಸು ಕರಗಲಿಲ್ಲ. "ಇದು ಎಂಥಾ ಬೂಟ ಗೊತ್ತೇನ ನಿನಗ? ಹಿಡಕಲ್ ಡ್ಯಾಮ್ ಕಟ್ಟುವಾಗ ದೊಡ್ಡ ಇಂಜಿನಿಯರ್ ಸಾಹೇಬ್ರು, ನಾಕನೂರ ಆಳಿನ ಮುಂದ, 'ರಾಚಪ್ಪಾ, ನಿನ್ನಂಥಾ ನಿಯತ್ತಿನ ಮನಶ್ಯಾನ್ನ ನಾ ಕಂಡಿಲ್ಲ' ಅಂತ ಕಾಲಾಗಿಂದ ಬಿಚ್ಚಿ ಕೊಟ್ಟಾವು. ನಿಯತ್ತಿನ ಬೂಟ ಇವು!"

"ಖರೇನ ಹೇಳ್ರಿ," ಎಂದಿತು ಬಾಗಿಲು.

ಯಲ್ಲವ್ವ ಉಳ್ಳಾಗಡ್ಡಿ ಹೆಚ್ಚುವ ಚಾಕು ಹಿಡಿದೇ ಹೊರಗೆ ಬಂದಳು.

"ಏ, ನೀ ಒಳಗ ನಡಿ."

"ನಲವತ್ತೈದು ವರ್ಷ ಒಳಗ ಇದ್ನಿ. ಇವತ್ತ ಹೇಳತೇನಿ ತಡೀರಿ." ಆಕೆ ತಾಯವ್ವನ ಕಡೆ ತಿರುಗಿದಳು. "ಇವ್ರು ಡ್ಯಾಮಿನ ಗೆಸ್ಟ್ ಹೌಸಿನಾಗ ಆಳ ಇದ್ರವಾ. ಸಾಹೇಬ್ರು ಬೂಟ ತೊಳಿಸಿ ಗ್ವಾಡಿ ಮ್ಯಾಲ ಒಣಗಾಕ ಇಟ್ಟಿದ್ರು. ನನ್ನ ನೋಡಾಕ ಬರಬೇಕಲಾ, ಅವನ್ನ ಹಾಕ್ಕೊಂಡ ಬಂದ್ರು. ಹೊಳ್ಳಿ ಹೋಗೋದ್ರಾಗ ಸಾಹೇಬ್ರಿಗೆ ವರ್ಗಾ ಆಗಿತ್ತು. ಬೂಟ ಇಲ್ಲೇ ಉಳದ್ವು. ಅವತ್ತ ನಮ್ಮ ಅಂಗಳದಾಗ ಇವ್ರು ಕಾಲಿಗೆ ನೀರ ತಗೊಂಡಾಗ ಇವ್ರ ಬೂಟಿನಾಗಿಂದ ಏನ್ ಬಿತ್ತ ಗೊತ್ತೇನು?"

ಆಕೆ ಚಾಕುವಿನ ತುದಿಯಿಂದ ಬೂಟನ್ನು ತೋರಿಸಿದಳು.

"ಅರವಿ. ಹಳೇ ಧೋತರದ ಅರವಿ. ನಮ್ಮಪ್ಪ ನೋಡಿದ, ಸುಮ್ನಿದ್ದ. ಅಂವಾ ಸುಮ್ನಿದ್ದದ್ದಕ್ಕ ಈ ಮನಿ ಆಗೈತಿ."

"ಮಂದಿ ಕಾಲ ನೋಡೋದು ನನ್ನ ರೀತಿ..." ಎಂದು ರಾಚಪ್ಪ ಶುರುಮಾಡಿದ.

"ನೀವು ಮನಶ್ಯಾನ್ನ ಅಳಿಯಾಕ ಕಾಲ ನೋಡತೀರೇನ್ರಿ? ಬೂಟಿನ ಮಾಲಕ ಹುಡುಕ್ಕೋತ ಬಂದಾನೋ ಏನೋ ಅಂತ ನೋಡತೀರಿ! ಹ್ವಾದ ವರ್ಷ ಬಂದಾಂವ ಥೇಟ್ ಇಂಥಾವ ಬೂಟ ಹಾಕ್ಕೊಂಡ ಬಂದಿದ್ದ. ಸಾಹೇಬ್ರ ಮಗಾ ಇರಬೇಕಂತ ಹೇಳಿ ಇವ್ರು ಹಿತ್ತಲ ಬಾಗಿಲಿಂದ ಹ್ವಾದಾವ್ರು ಸಂಜೀಕ ಬಂದ್ರು."

ಬಾಳೇಶನ ಕೆಮ್ಮು ಈಗ ನಿಲ್ಲಲೊಲ್ಲದು. ಶೋಭಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಆತುಕೊಂ‍ಡಳು. ರಾಚಪ್ಪ ಬಹಳ ಹೊತ್ತು ನಾಲನ್ನು ನೋಡಿದ. ಅದನ್ನು ಒರೆಸಿ ಕಿಸೆಗೆ ಹಾಕಿಕೊಂಡ. ಉದ್ದಪ್ಪನ ಪಾದದ ಬಿಳೀ ಗೆರೆ ನೋಡಿದ. ತನ್ನ ಬರಿಗಾಲು ನೋಡಿಕೊಂಡ.

"ಶೋಭಾ," ಎಂದ, "ಚಹಾಕ್ಕ ಇಡವಾ. ಬೀಗ್ರಿಗೆ ಸಕ್ರಿ ಜಾಸ್ತಿ ಹಾಕು."

ಆ ಮಾತು ಕೇಳಿದಾಗ ಉದ್ದಪ್ಪ ಹಿಗ್ಗಲಿಲ್ಲ, ಕುಗ್ಗಲಿಲ್ಲ. ಸಿಂಹ ಕೂತ ಹಾಗೆ ಕೂತಿದ್ದ.

ಇಲ್ಲಿಗೆ ಕಥೆ ಮುಗಿಸಿ ನಾನು ಮೀಸೆ ಒರೆಸಿಕೊಂಡೆ. ಬಾಕಿನ ತುದಿಯಲ್ಲಿ ಕೂತ ಅಂಕಲಗಿಯವರೊಬ್ಬರು ತಲೆ ಕೆರೆದರು.

"ಅಲ್ರಿ, ಮೂಡಲಗ್ಯಾಗೂ ನೀವ ಇದ್ರಿ, ಹುಕ್ಕೇರ್ಯಾಗೂ ನೀವ ಇದ್ರಿ. ಯಾವ ಬೂಟಿನಾಗ ಬೆಲ್ಲದ ಧಾರಣಿ ಇತ್ತು, ಯಾವುದ್ರಾಗ ಸಿಮೆಂಟ್ ಇತ್ತು ಅಂತ ನಿಮಗ ಹೆಂಗ ಗೊತ್ತಾತು?"

"ಸಮೀಪ ಇದ್ನಿರಿ," ಎಂದೆ.

ಇಷ್ಟು ಹೊತ್ತು ನನ್ನ ಬಾಜೂ ಕೂತು ಶೇಂಗಾ ಸುಲಿಯುತ್ತಿದ್ದ ಹೆಂಗಸು ಸಿಪ್ಪೆ ಝಾಡಿಸಿದಳು. "ಕಾಲ ಮುಂದ ಮಾಡ್ರಿ," ಎಂದಳು.

"ಯಾಕ?"

"ಮಾಡ್ರಿ ಅಂದ್ನಿ."

ಚಪ್ಪಲಿ ಬಿಟ್ಟು ಕಾಲು ಚಾಚಿದೆ. ಬಾಕಿನ ಮೇಲಿದ್ದವರೆಲ್ಲ ಬಗ್ಗಿ ನೋಡಿದರು. ಬಿಳೀ ಗೆರೆ ಇದ್ದಲ್ಲೇ ಇತ್ತು.

ಹೌದ್ರಿ, ನಾನೇ ಉದ್ದಪ್ಪ. ಡ್ಯಾಮಿನ ಗೇಟು ನನ್ನ ಒದೆಗೆ ಎದ್ದಿಲ್ಲ. ಮೂಡಲಗಿಗೆ ಮಂಗಳವಾರ ನೀರು ಬಂದದ್ದು ನಿಜ, ಆದರೆ ಅದು ಅವರ ಪಾಳಿ. ಬೋರ್ಡಿನ ಮೇಲೆ ಬರೆದಿತ್ತು, ನಾನು ಓದಿದ್ದೆ. ಕಬ್ಬಿನ ಗರಿ ಗಾಳಿಗೆ ಎದ್ದಿರಬೇಕು. ಸಿಂಹದ ಹಾಗೆ ಕೂತದ್ದೂ ಸುಳ್ಳು. ಚಹಾಕ್ಕ ಇಡು ಎಂದಾಗ ನಾನು ಅತ್ತೆ, ತಾಯವ್ವನ ಸೆರಗಿನಲ್ಲಿ ಮೂಗು ಒರೆಸಿಕೊಂಡೆ.

"ಹೊಸಾ ಸೀರಿ," ಎಂದಳು ತಾಯವ್ವ.

"ಮತ್ತ ಈಗ ಎಲ್ಲಿಗೆ ಹೊಂಟೀರಿ?" ಎಂದು ಅಂಕಲಗಿಯವರು ಕೇಳಿದರು.

"ಮಗಳ ಮನೀಗ್ರಿ. ರಾಚಪ್ಪ ಅಜ್ಜಾರು ಒಂದ ಸಾಮಾನ ತರಾಕ ಹೇಳ್ಯಾರ. ಬೂಟ ಅವ್ರು ಈಗ ಹಾಕ್ಕೊಳ್ಳಾಂಗಿಲ್ಲ, ಗ್ವಾಡ್ಯಾಗಿನ ಮಾಡದಾಗ ಇಟ್ಟಾರ."

ಅವರು ನನ್ನನ್ನು ನಂಬಲಿಲ್ಲ, ತಪ್ಪು ಅವರದಲ್ಲ. ತಾಯವ್ವನ ಕಡೆ ನೋಡಿದರು. ಆಕೆ ಚೀಲದ ಬಾಯಿ ಬಿಚ್ಚಿ ತೋರಿಸಿದಳು. ಒಳಗೆ ಒಂದು ಜೋಡಿ ಹೊಸ ಹವಾಯಿ ಚಪ್ಪಲಿ, ನೀಲಿ ಪಟ್ಟಿಯವು, ಜತೆಗೆ ಒಂದು ಪಿನ್ನು.

"ಇದೊಂದ ಖರೆ ಐತ್ರಿ," ಎಂದಳು. "ಇಂಥಾವ ಬೇಕಂತ ಅಜ್ಜಾರಿಗೆ. ಇವನ್ನ ಹೊಳ್ಳಿ ಕೊಡಂತ ಕೇಳಾಕ ಯಾರೂ ಬರಾಂಗಿಲ್ಲಂತ."